ಅಕ್ಕನ ಕಾಯಿಲೆ, ತಮ್ಮನ ಕಾಯಿಲೆ

“ಅವ್ಳ ಕಾಯಿಲೆ ಎಂದೋ ವಾಸಿಯಾಗೈತೆ ಮೇಡಂ. ಈಗಿರಾದು ಬರೀ ಸೋಂಬೇರಿತನ,” ಅಂದ ತಮ್ಮ.

ಅಕ್ಕ ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಮುಖದಿಂದ ಗೊತ್ತಾಗುವಂತಿರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಸೇಲಂನ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನಾನು ಮನಶ್ಶಾಸ್ತ್ರಜ್ಞೆ. ಮದ್ದು ಬರೆಯುವುದು ವೈದ್ಯರ ಕೆಲಸ. ರೋಗಿಯ ನೆನಪು, ಗಮನ, ಚುರುಕು, ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಯೋಚಿಸಿ ಮಾಡುವ ಶಕ್ತಿ ಇವೆಲ್ಲ ಹೇಗಿವೆ ಅಂತ ಪರೀಕ್ಷಿಸಿ ಹೇಳುವುದು ನನ್ನದು. ಅವತ್ತು ವೈದ್ಯರು ಈ ಇಬ್ಬರನ್ನೂ ಒಟ್ಟಿಗೇ ನನ್ನ ಕೋಣೆಗೆ ಕಳಿಸಿದ್ದರು.

ಇಬ್ಬರೂ ಪಾಲಮಲೆಯ ಮೇಲಿನ ಒಂದು ಸಣ್ಣ ಊರಿನವರು, ಕನ್ನಡ ಮನೆಮಾತಿನವರು. ತಮ್ಮ ಶಂಕಗಿರಿಯ ಲಾರಿ ಶೆಡ್ಡಿನಲ್ಲಿ ಲೋಡು ಏರಿಸಿ ಇಳಿಸುವ ಉಸ್ತುವಾರಿ. ಕೆಲವು ವರ್ಷಗಳ ಹಿಂದೆ ಅವನಿಗೆ ವಾರಗಟ್ಟಲೆ ನಿದ್ದೆ ಬಿಟ್ಟುಹೋಗಿ, ಶಂಕಗಿರಿಯ ಲಾರಿಗಳೆಲ್ಲ ತನ್ನವೇ, ಹಾರನ್ ಶಬ್ದದಲ್ಲಿ ತನಗೆ ಅಪ್ಪಣೆ ಬರುತ್ತಿದೆ ಅಂತ ರಸ್ತೆ ಮಧ್ಯೆ ನಿಂತಿದ್ದನಂತೆ. ಮನಸ್ಸಿನ ಏರಿಳಿತದ ಜೊತೆ ಬರುವ ಸೈಕೋಸಿಸ್ ಅದು, ಅಂದರೆ ಭ್ರಮೆಯೇ ನಿಜವೆನಿಸುವ ಸ್ಥಿತಿ. ಆ ಕಾಯಿಲೆಗೆ ಬೈಪೋಲಾರ್ ಅನ್ನುತ್ತಾರೆ. ಮದ್ದಿಗೆ ಬಗ್ಗಿತು. ಅವನು ಕೆಲಸಕ್ಕೆ ಮರಳಿದ. ಅಕ್ಕನದು ಅದಕ್ಕೂ ಮೊದಲೇ ಶುರುವಾದದ್ದು. ಕಿವಿಯಲ್ಲಿ ಯಾರೋ ಬೈಯುವ ದನಿಗಳು, ಊಟದಲ್ಲಿ ಏನೋ ಬೆರೆಸಿದ್ದಾರೆ ಎಂಬ ಭಯ. ಸ್ಕಿಜೋಫ್ರೇನಿಯಾ ಅಂತ ಹೆಸರಿಟ್ಟಿದ್ದರು. ಮದ್ದಿನಿಂದ ದನಿಗಳು ನಿಂತವು, ಭಯ ಹೋಯಿತು. ಆದರೆ ಅವಳು ಮೊದಲಿನಂತೆ ಆಗಲಿಲ್ಲ. ಮನೆಯಲ್ಲಿ ಎರಡಕ್ಕೂ ಒಂದೇ ಹೆಸರು: ತಲೆ ಕಾಯಿಲೆ. ಹಾಗಾಗಿ ಒಂದೇ ಪ್ರಶ್ನೆ: ಅವನು ಎದ್ದು ನಿಂತ, ಇವಳು ಯಾಕೆ ಏಳಲಿಲ್ಲ?

ತಮ್ಮನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣು ಮನೆಗೆ ಬರುವ ಮುಂಚೆ ಅಕ್ಕನನ್ನು ಇಂಥ ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಹೋಮಿಗೆ ಶಾಶ್ವತವಾಗಿ ಸೇರಿಸಬೇಕು, ಅದಕ್ಕೆ ವೈದ್ಯರು ಹೂಂ ಅನ್ನಬೇಕು, ಇದು ಅವನು ಬಂದ ಕಾರಣ. ಕೆಟ್ಟವನಲ್ಲ. ಅಕ್ಕನಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಕರೆತಂದವನು. ಆದರೆ ಸಾಕಾಗಿದ್ದ.

“ನಂಗೂ ಬಂದಿತ್ತಲ್ವಾ ಇದೇ ಕಾಯಿಲೆ? ನಾನು ತಿರ್ಗಾ ಶೆಡ್ ವೇಲೆಗೆ ಓಗ್ಲಿಲ್ವಾ? ಮನ್ಸು ಮಾಡ್ಬೇಕು ಮೇಡಂ. ಅವ್ಳು ಮನ್ಸು ಮಾಡಾಕಿಲ್ಲ.”

ವೈದ್ಯರಿಗೆ ಬೇರೆಯೇ ಅನುಮಾನ. “ಒಂದೇ ಮನೆಯವರು. ಅವಳದೂ ತಮ್ಮನ ಕಾಯಿಲೆಯೇ ಆಗಿದ್ದು, ಇಟ್ಟ ಹೆಸರೇ ತಪ್ಪಿರಬಹುದು. ಇಬ್ಬರನ್ನೂ ಪೂರ್ತಿ ನೋಡಿ,” ಅಂತ ತಮಿಳಿನಲ್ಲಿ ಹೇಳಿ ಕಳಿಸಿದ್ದರು.

ಮೊದಲು ತಮ್ಮನನ್ನು ಕೂರಿಸಿಕೊಂಡೆ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳ ಪಟ್ಟಿಯೊಂದನ್ನು ಓದುತ್ತೇನೆ, ಅವರು ನೆನಪಿದ್ದಷ್ಟನ್ನು ತಿರುಗಿ ಹೇಳಬೇಕು. ಮತ್ತೆ ಓದುತ್ತೇನೆ, ಮತ್ತೆ ಹೇಳಬೇಕು. ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು ಆಮೇಲೆ ಥಟ್ಟನೆ ಅದೇ ಪಟ್ಟಿ ಕೇಳುತ್ತೇನೆ. ಅವನು ಲೋಡಿನ ವಿವರ ಒಪ್ಪಿಸುವವನ ಹಾಗೆ ಹೇಳಿಬಿಟ್ಟ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದರಲ್ಲೂ ತೊಡಕಿಲ್ಲ. ಹಾಳೆಯ ಮೇಲೆ ಚೆದುರಿದ ಅಂಕಿ, ಅಕ್ಷರಗಳನ್ನು ಒಂದು ಅಂಕಿ, ಆಮೇಲೊಂದು ಅಕ್ಷರ ಹೀಗೆ ಸರದಿ ತಪ್ಪದೆ ಗೆರೆ ಎಳೆದು ಸೇರಿಸುವುದರಲ್ಲಿ ಮಾತ್ರ ಎಡವಿದ. ಅಂಕಿಯಿಂದ ಅಂಕಿಗೇ ಹಾರಿಬಿಟ್ಟ. ತಿದ್ದಿದರೆ ಮತ್ತೆ ಹಾರಿದ.

“ಅವಸರ ಮೇಡಂ,” ಅಂತ ನಕ್ಕ. ಅವಸರ ಮಾತ್ರವಲ್ಲ ಅಂತ ನನಗನಿಸಿತು, ಬರೆದಿಟ್ಟುಕೊಂಡೆ.

ಅಕ್ಕನ ಸರದಿ. ಚಿಹ್ನೆಗಳನ್ನು ನೋಡಿ ಕೆಳಗಿನ ಖಾಲಿ ಚೌಕಗಳಲ್ಲಿ ಬರೆಯುವ ಕೆಲಸ ಕೊಟ್ಟೆ. ಅದು ಚುರುಕಿನ ಪರೀಕ್ಷೆ. ಹೊತ್ತು ಮುಗಿದಾಗ ಅವಳು ಮೊದಲ ಸಾಲನ್ನೂ ದಾಟಿರಲಿಲ್ಲ. ಆದರೆ ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಗೂಟಕ್ಕೆ ಸೇರಿಸಿದ ಬಿಲ್ಲೆಗಳನ್ನು ನಿಯಮದಂತೆ ಇನ್ನೊಂದು ಗೂಟಕ್ಕೆ ಸಾಗಿಸುವುದು ಯೋಜನೆಯ ಪರೀಕ್ಷೆ, ಅದರಲ್ಲಿ ಮೊದಲ ಬಿಲ್ಲೆ ಎತ್ತಿಕೊಂಡವಳು ಕೈಯಲ್ಲಿ ಹಿಡಿದು ಹಾಗೇ ಕೂತಳು. ಪದಗಳ ಪಟ್ಟಿಯಲ್ಲಿ ಕೊನೆಯ ಎರಡು ಮಾತ್ರ ಬಂದವು.

“ನೀರೈತಾ?” ಅಂದಳು. ಆ ಮಧ್ಯಾಹ್ನ ಅವಳು ತಾನಾಗಿ ಆಡಿದ ಮೊದಲ ಮಾತು, ಕನ್ನಡದಲ್ಲಿ. ನಾನು ಇಷ್ಟು ಹೊತ್ತೂ ಪರೀಕ್ಷೆಯನ್ನು ತಮಿಳಿನಲ್ಲಿ ನಡೆಸಿದ್ದೆ. ನಮ್ಮ ಕೋಣೆಯಲ್ಲಿರುವ ಪಟ್ಟಿಗಳೆಲ್ಲ ತಮಿಳಿನವೇ. ತಮ್ಮ ಶಂಕಗಿರಿಯಲ್ಲಿ ದಿನವಿಡೀ ತಮಿಳಾಡುವವನು. ಅಕ್ಕ ಮಲೆ ಇಳಿದದ್ದೇ ಅಪರೂಪ.

ನಾನು ಮಾರಂಡಹಳ್ಳಿಯವಳು, ಮನೆಮಾತು ಕನ್ನಡ. ಮುಂದಿನ ಸಲಕ್ಕೆ ಕನ್ನಡದಲ್ಲೊಂದು ಪಟ್ಟಿ ಮಾಡಿಕೊಂಡೆ. ಒರಳು, ಏಣಿ, ನರಿ, ಸುಣ್ಣ, ಹಗ್ಗ ಈ ಥರದವು. “ಈ ಪಟ್ಟಿಯಲ್ಲಿ ಬೇರೆ ಜನ ಎಷ್ಟು ಹೇಳುತ್ತಾರೆ ಅಂತ ಹೋಲಿಸಿ ನೋಡಲು ಅಳತೆ ಇಲ್ಲ, ನೆನಪಿರಲಿ,” ಅಂದರು ವೈದ್ಯರು. ಸರಿಯಾದ ಮಾತೇ. ಆದರೂ ಮಾಡಿದೆ. ತುಸು ಹೆಚ್ಚು ಪದಗಳು ಬಂದವು, ಅಷ್ಟೆ. ಆದರೆ ಮಧ್ಯೆ ಮಧ್ಯೆ ಅವಳು ಮತ್ತೆ ನೀರು ಕೇಳಿದಳು. ತುಟಿ ಒಣಗಿ ಬಿರಿದಿತ್ತು. ಮಾತಾಡುವಾಗ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

“ಯಾವ ಯಾವ ಮಾತ್ರೆ ತಗೋತೀಯವ್ವ?” ಅಂದೆ. ಸೊಂಟದ ಚೀಲದಿಂದ ಮಾತ್ರೆಯ ಸ್ಟ್ರಿಪ್ಪುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಕೈನಡುಕಕ್ಕೆ ಕೊಡುವ ಪುಟ್ಟ ಬಿಳಿ ಮಾತ್ರೆಯೂ ಇತ್ತು. ಹಿಂದೆ ಎಲ್ಲೋ ಕೊಡುತ್ತಿದ್ದ ಹಳೆಯ ಮದ್ದಿನಿಂದ ಕೈ ನಡುಗುತ್ತಿತ್ತಂತೆ. ಆ ಮದ್ದು ಬದಲಾಗಿ ಬಹಳ ಕಾಲವಾಗಿತ್ತು. ನಡುಕದ ಮಾತ್ರೆ ಮಾತ್ರ ಹಳೇ ಚೀಟಿಯ ಮೇಲೇ ಮುಂದುವರಿದಿತ್ತು, ಮದ್ದಿನ ಅಂಗಡಿಯಿಂದ ಅಂಗಡಿಗೆ. ಆ ಮಾತ್ರೆ ಬಾಯಿ ಒಣಗಿಸುತ್ತದೆ. ನೆನಪನ್ನೂ ಮಂಕು ಮಾಡುತ್ತದೆ.

ವೈದ್ಯರಿಗೆ ತೋರಿಸಿದೆ. ಅವರು, “ಒಮ್ಮೆಲೇ ನಿಲ್ಲಿಸುವಂತಿಲ್ಲ. ಸ್ವಲ್ಪ ಸ್ವಲ್ಪ ಇಳಿಸೋಣ,” ಅಂದರು. ತಮ್ಮನಿಗೂ ಹೇಳಿದೆವು: ಇದು ಮುಗಿಯುವ ತನಕ ಹೋಮಿನ ಮಾತು ಬೇಡ.

“ಎಷ್ಟು ದಿನ?” ಅಂದ.

“ಮದುವೆಗೆ ಮುಂಚೆ ಹೇಳ್ತೀವಿ.”

ಮಾತ್ರೆ ಇಳಿಸಿದ ಮೇಲೆ ಅವಳು ಬಂದ ದಿನ ಕೋಣೆಯೊಳಗೆ ಕಾಲಿಟ್ಟ ಕೂಡಲೇ ನನಗೆ ವ್ಯತ್ಯಾಸ ಕಂಡಿತು. ಕಣ್ಣು ನನ್ನ ಕಣ್ಣಿಗೆ ಕೂಡುತ್ತಿತ್ತು. ಪದಗಳ ಇನ್ನೊಂದು ಪಟ್ಟಿ ಓದಿದೆ. ಒಂದೊಂದೇ ಬಂದವು, ನಿಧಾನವಾಗಿ, ಆದರೆ ಬಂದವು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗಲೂ ಉಳಿದಿದ್ದವು. ಬಾಗಿಲಲ್ಲಿ ನಿಂತಿದ್ದ ತಮ್ಮನಿಗೇ ನಗು ಬಂತು. “ಅಕ್ಕೋ, ಪರ್ವಾಗಿಲ್ವೇ!” ಅಂದ. ನನಗೂ ಗೆದ್ದೆನೆಂಬ ಖುಷಿ.

ಆ ಖುಷಿ ಹೆಚ್ಚು ಹೊತ್ತು ಇರಲಿಲ್ಲ. ಚಿಹ್ನೆ ಬರೆಯುವ ವೇಗ ಮೊದಲಿನಷ್ಟೇ. ಬಿಲ್ಲೆ ಎತ್ತಿಕೊಂಡವಳು ಮೊದಲಿನ ಹಾಗೇ ಕೂತಳು. ನೆನಪಿನ ಮಂಕಿನಲ್ಲಿ ಒಂದು ಪಾಲು ಮಾತ್ರೆಯದಾಗಿತ್ತು, ಅದು ಹೋಯಿತು. ಉಳಿದದ್ದು ಕಾಯಿಲೆಯದೇ. ಹೆಸರು ತಪ್ಪಿರಲಿಲ್ಲ ಅಂತ ವೈದ್ಯರಿಗೂ ಖಾತ್ರಿಯಾಯಿತು. ಪರೀಕ್ಷೆಯ ಅಂಕಿಗಳಿಂದಲ್ಲ, ಅವಳ ಇಷ್ಟು ವರ್ಷಗಳ ಕಥೆಯನ್ನು ಫೋನಿನಲ್ಲಿ ಅವಳ ತಾಯಿಯಿಂದ ಮತ್ತೆ ಮೊದಲಿಂದ ಕೇಳಿ.

ನಮ್ಮ ಓದಿನಲ್ಲಿ ಬರುವುದು ಇಷ್ಟು. ಸೈಕೋಸಿಸ್ ಬಂದ ಬಹಳ ಜನರಲ್ಲಿ ಗಮನ, ನೆನಪು, ಯೋಜನೆ ಕುಗ್ಗುತ್ತವೆ. ಸ್ಕಿಜೋಫ್ರೇನಿಯಾದಲ್ಲಿ ಸಾಮಾನ್ಯವಾಗಿ ಹೆಚ್ಚು, ಬೈಪೋಲಾರ್‌ನಲ್ಲಿ ಕಡಿಮೆ. ಆದರೆ ಎರಡರ ನಡುವೆ ಬೇಲಿಯೇನೂ ಇಲ್ಲ. ಮೊದಲಿನವರಲ್ಲೂ ಚುರುಕಾದವರಿದ್ದಾರೆ, ಎರಡನೆಯವರಲ್ಲೂ ಸೋತವರಿದ್ದಾರೆ. ಹೆಸರು ನೋಡಿ ಒಬ್ಬರ ಶಕ್ತಿ ಹೇಳಲಾಗದು. ಇದನ್ನೇ ತಮ್ಮನಿಗೆ ಸರಳವಾಗಿ ಹೇಳಲು ನೋಡಿದೆ. ಅವನು ತಲೆಯಾಡಿಸಿದ, ಒಪ್ಪಲಿಲ್ಲ.

“ಪದ ಏಳ್ತಾಳೆ, ಸರಿ. ಅಪ್ಪರಂ, ಅಂಗಾದ್ರೆ, ಮನೇಲಿ ಒಂದು ಮುದ್ದೆ ತಿರುವಾಕೆ ಯಾಕಾಗಾಕಿಲ್ಲ? ನೀವು ಬಂದು ನೋಡಿ ಮೇಡಂ, ಆಗ ಗೊತ್ತಾಯ್ತದೆ.”

ಸಿಟ್ಟಿನಲ್ಲಿ ಅಂದದ್ದು. ಆದರೆ ಆ ಸಂಜೆ ಬಸ್ಸಿನಲ್ಲಿ ಕೂತಾಗ ಅದೇ ಸರಿ ಅನ್ನಿಸಿತು. ಅವಳ ಬದುಕಲ್ಲಿ ಬಿಲ್ಲೆಯೂ ಇಲ್ಲ, ಗೂಟವೂ ಇಲ್ಲ. ಇರುವುದು ಒಲೆ, ಸೊಪ್ಪು, ಕೋಳಿ, ತಾಯಿ. ನೋಡಬೇಕಾದದ್ದು ಅಲ್ಲಿ.

ಒಂದು ಭಾನುವಾರ ಕೊಳತ್ತೂರಿನ ತನಕ ಬಸ್ಸು, ಅಲ್ಲಿಂದ ಮೇಲಕ್ಕೆ ಜೀಪು. ದಾರಿಯುದ್ದಕ್ಕೂ ಜೀಪಿನ ಕಂಬಿ ಬಿಗಿಯಾಗಿ ಹಿಡಿದು ಕೂತಿದ್ದೆ. ತಮ್ಮ ಜೀಪು ನಿಲ್ಲುವ ಕಡೆ ಕಾದಿದ್ದ. ಮನೆಯ ಸುತ್ತ ರಾಗಿ, ಸಾಮೆ, ನಡುವೆ ಅವರೆ ಬಳ್ಳಿ. ತಾಯಿ ನನ್ನ ಕೈ ಹಿಡಿದುಕೊಂಡು, “ಬಾ ಅಮ್ಮಣಿ, ಕನ್ನಡದೋಳು ಅಂತ ಮಗ ಏಳ್ದ,” ಅಂದರು. ಕಾಫಿ ಕೊಟ್ಟರು. ಮಾತಾಡುತ್ತಲೇ ಮಗಳ ಕಡೆ ತಿರುಗಿ ಒಂದೇ ಉಸಿರಿಗೆ ಕೂಗಿದರು:

“ಲೇ, ಒಲೆಗೆ ನೀರಿಟ್ಟು, ಸೊಪ್ಪು ತೊಳ್ದು, ಅಂಗೇ ಆ ಕೋಳಿ ಓಡ್ಸು!”

ಅಕ್ಕ ಎದ್ದಳು. ಎರಡು ಹೆಜ್ಜೆ ಇಟ್ಟಳು. ಅಂಗಳದ ನಡುವೆ ನಿಂತಳು.

“ನೋಡಿದ್ರಾ?” ಅಂದ ತಮ್ಮ.

“ನೋಡ್ದೆ,” ಅಂದೆ. ಆಮೇಲೆ ಅವಳ ಹತ್ತಿರ ಹೋಗಿ ಮೆಲ್ಲಗೆ, “ಒಲೆಗೆ ನೀರಿಡವ್ವ,” ಅಂದೆ. ಹೋಗಿ ಇಟ್ಟಳು. ಅದು ಮುಗಿದ ಮೇಲೆ, “ಈಗ ಸೊಪ್ಪು ತೊಳಿ.” ತೊಳೆದಳು, ಒಂದು ಎಲೆಗೂ ಮಣ್ಣು ಉಳಿಯದ ಹಾಗೆ. ಪ್ರತಿ ಕೆಲಸವೂ ಅವಳಿಗೆ ಬರುತ್ತಿತ್ತು. ಒಂದು ಮುಗಿಸಿ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಅವಳು ಕಳೆದುಹೋಗುತ್ತಿದ್ದಳು.

ತಮ್ಮನ ಮುಖ ನೋಡಿದೆ. ಥಟ್ಟನೆ ಕೇಳಿದೆ: “ನೀನು ಆಸ್ಪತ್ರೆಯಿಂದ ಬಂದು ಶೆಡ್ಡಿಗೆ ಹೋದಾಗ ಓನರ್ ಮೊದ್ಲು ಏನು ಕೆಲಸ ಕೊಟ್ರು?”

“ತಾರ್ಪಾಲ್ ಮಡಿಚಾದು. ಬರೀ ಅದೊಂದೇ.”

“ಯಾಕೆ?”

ಅವನು ಅಂಗಳದ ಕಡೆ ನೋಡಿದ. “ಎಲ್ಡು ಕೆಲ್ಸ ಒಟ್ಗೆ ಏಳಿದ್ರೆ… ಮೊದುಲ್ನೇದು ಮರ್ತೋಗ್ತಿತ್ತು.” ದನಿ ಸಣ್ಣದಾಯಿತು. “ಓನರ್ ಬೈತಿರ್ಲಿಲ್ಲ. ಮಳೆಗಾಲ ಕಳ್ದ ಮ್ಯಾಲೆ ಅದು ಸರಿ ಓಯ್ತು ಮೇಡಂ.”

“ನಿಂದು ಸರಿ ಹೋಯ್ತು. ಇವಳದು ಉಳ್ಕೊಂಡಿದೆ. ಅಷ್ಟೇ ವ್ಯತ್ಯಾಸ.”

ಅವನು ಹೋಗಿ ಕೋಳಿ ಓಡಿಸಿದ.

ಅವತ್ತು ನಾವು ಅಡುಗೆಮನೆಯನ್ನು ಜೋಡಿಸಿದೆವು. ಮುದ್ದೆಗೆ ಬೇಕಾದದ್ದೆಲ್ಲ ಬೇಕಾಗುವ ಕ್ರಮದಲ್ಲೇ ಎಡದಿಂದ ಬಲಕ್ಕೆ: ಪಾತ್ರೆ, ನೀರಿನ ಚೊಂಬು, ಹಿಟ್ಟಿನ ಡಬ್ಬ, ಕೋಲು. ದಿನವೂ ಅದೇ ಜಾಗ. ಹೇಳುವ ಮಾತು ಒಂದು ಸಲಕ್ಕೆ ಒಂದೇ. ತಪ್ಪು ಮಾಡಿದ ಮೇಲೆ ತಿದ್ದುವುದಲ್ಲ, ತಪ್ಪಾಗುವ ಮೊದಲೇ ಮುಂದಿನ ಹೆಜ್ಜೆ ತೋರಿಸುವುದು. ತಾಯಿ ಒಪ್ಪಿದರು. ನಾನು ಹಗುರಾಗಿ ಮಲೆ ಇಳಿದೆ.

ಕೆಲವು ದಿನ ಕಳೆದು ತಮ್ಮನ ಫೋನು ಬಂತು. “ಮನೆ ಸುಟ್ಟೋಗ್ತಿತ್ತು ಮೇಡಂ!” ಅಕ್ಕ ಒಲೆಗೆ ನೀರಿಟ್ಟಿದ್ದಳು. ತಾಯಿ ಆಡು ಹಿಡಿಯಲು ಹೊರಗೆ ಹೋದವರು ಬರುವುದು ತಡವಾಯಿತು. ಅಕ್ಕ ಕಾದು ಕಾದು, ಅಂಗಳದಲ್ಲಿ ಅವರೆಕಾಯಿ ಕಂಡು ಬಿಡಿಸುತ್ತ ಕೂತಳು. ನೀರು ಇಂಗಿ, ಪಾತ್ರೆ ಕೆಂಪಾಗಿ, ಒಲೆಯ ಬಾಯಿಂದ ಜಾರಿದ ಕೊಳ್ಳಿ ಪಕ್ಕದ ಸೌದೆಗೆ ಹತ್ತಿಕೊಂಡಿತ್ತು. ತಾಯಿ ನೀರು ಸುರಿದು ಆರಿಸಿದರು. ಅಕ್ಕ ಹೆದರಿ ಮೂಲೆ ಸೇರಿದ್ದಳು, ಊಟ ಬಿಟ್ಟಿದ್ದಳು.

ಯಾರಿಗಾದರೂ ಏನಾದರೂ ಆಗಿದ್ದರೆ? ವೈದ್ಯರ ಮುಂದೆ ಹೋಗಿ ಕೂತೆ. ಹೋಮೇ ಸರಿಯೇನೋ ಅಂತ ನಾನೇ ಅಂದೆ.

ಅವರು ಕೇಳಿದರು: “ಅವರೆಕಾಯಿ ಎಷ್ಟು ಬಿಡಿಸಿದ್ದಳು?”

ಫೋನು ಮಾಡಿ ಕೇಳಿದೆ. ಗುಡ್ಡೆಯಷ್ಟೂ ಬಿಡಿಸಿ ಮುಗಿಸಿದ್ದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಹುಳುಕು ಬೇರೆ.

ಅಲ್ಲಿಂದ ನನ್ನ ಯೋಚನೆ ತಿರುಗಿತು. ಅವಳಲ್ಲಿ ಇಲ್ಲದ ಶಕ್ತಿಯನ್ನು ತರಬೇತಿ ಕೊಟ್ಟು ಮರಳಿಸಲು ನಾನು ಒದ್ದಾಡುತ್ತಿದ್ದೆ. ಒಲೆಯ ಕೆಲಸದಲ್ಲಿ ಮುಂದಿನ ಹೆಜ್ಜೆ ಕಣ್ಣಿಗೆ ಕಾಣುವುದಿಲ್ಲ, ಅದನ್ನು ತಲೆಯಲ್ಲಿ ಹಿಡಿದಿರಬೇಕು. ಕಾಯಿ ಬಿಡಿಸುವುದರಲ್ಲಿ ಮುಂದಿನ ಹೆಜ್ಜೆ ಎದುರಿಗೇ ಬಿದ್ದಿರುತ್ತದೆ, ಇನ್ನೊಂದು ಕಾಯಿ. ಅವಸರವಿಲ್ಲ. ನಿಧಾನಕ್ಕೆ ಶಿಕ್ಷೆಯಿಲ್ಲ. ತಪ್ಪು ಮಾಡದ ಅವಳ ಗುಣಕ್ಕೆ ಅಲ್ಲಿ ಬೆಲೆಯಿದೆ. ಕೆಲಸಕ್ಕೆ ತಕ್ಕಂತೆ ಅವಳನ್ನು ಬದಲಿಸುವುದು ಬಿಟ್ಟು ಅವಳಿಗೆ ತಕ್ಕ ಕೆಲಸ ಹುಡುಕಬೇಕು ಅಂತ ನಿರ್ಧರಿಸಿದೆ. ವೈದ್ಯರು, “ಒಲೆಯ ಹತ್ತಿರ ಅವಳೊಬ್ಬಳೇ ಇರಬಾರದು. ಅದೊಂದು ಷರತ್ತು,” ಅಂದರು.

ಮತ್ತೆ ಮಲೆ ಹತ್ತಿದೆ. ತಾಯಿಯ ಜೊತೆ ಕೂತು ಮನೆ ಹೊಲದ ಕೆಲಸಗಳನ್ನೆಲ್ಲ ಮಾತಾಡಿದೆವು. ಸಾಮೆ ಕೇರುವುದು, ಅವರೆ ಬಿಡಿಸುವುದು, ಬಿತ್ತನೆಗೆ ರಾಗಿ ಆರಿಸುವುದು, ಸೊಪ್ಪು ಕಟ್ಟು ಕಟ್ಟುವುದು ಅಕ್ಕನಿಗೆ. ಒಲೆ ತಾಯಿಗೆ, ತಾಯಿ ಇದ್ದಾಗ ಮುದ್ದೆ ತಿರುವಲು ಮಾತ್ರ ಅಕ್ಕ. ಮೂಲೆ ಹಿಡಿದಿದ್ದವಳನ್ನು ಕರೆತಂದು ಮುಂದೆ ಮೊರ ಇಟ್ಟೆವು. ಮೊದಲ ದಿನ ಮುಟ್ಟಲಿಲ್ಲ. ಎರಡನೇ ದಿನ ತಾಯಿ ಪಕ್ಕದಲ್ಲಿ ಕೂತು ಸುಮ್ಮನೆ ತಾನೇ ಕೇರತೊಡಗಿದರಂತೆ. ಸ್ವಲ್ಪ ಹೊತ್ತಿಗೆ ಮಗಳು ಮೊರ ಕಿತ್ತುಕೊಂಡಳಂತೆ. “ನೀ ಕೇರುದ್ರೆ ಕಲ್ಲು ಉಳೀತದೆ ಕಣವ್ವ,” ಅಂದಳಂತೆ. ಫೋನಿನಲ್ಲಿ ಇದನ್ನು ಹೇಳುವಾಗ ತಾಯಿ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಹೋಮಿನ ಮಾತು ನಿಂತದ್ದು ಹೇಗೆ ಅಂತ ತಮ್ಮನೇ ಹೇಳಿದ. ಹೆಣ್ಣಿನ ಮನೆಗೆ ಒಬ್ಬನೇ ಹೋಗಿ, ತನ್ನ ಕಾಯಿಲೆ, ಅಕ್ಕನ ಕಾಯಿಲೆ ಎರಡನ್ನೂ ಬಿಡಿಸಿ ಹೇಳಿದನಂತೆ. ತನ್ನದು ಅವರಿಗೆ ಮೊದಲೇ ಗೊತ್ತಿತ್ತಂತೆ. ಹುಡುಗಿ ಒಂದೇ ಪ್ರಶ್ನೆ ಕೇಳಿದಳಂತೆ: “ನಿಮ್ಮಕ್ಕನ್ ಜೊತೆ ನಾನು ಎಂಗೆ ಮಾತಾಡ್ಬೇಕು?”

ಮದುವೆಯಾದ ಮೇಲೆ ಒಮ್ಮೆ ಹೋಗಿದ್ದೆ. ತಮ್ಮ ಶಂಕಗಿರಿಗೆ ಹೊರಡುವ ಗಡಿಬಿಡಿಯಲ್ಲಿದ್ದ. “ಅಕ್ಕ, ಆ ಚೀಲ ತಕ್ಕೊಂಡು, ಕೊಡೆ ನೋಡಿ, ಅಂಗೇ ಬಾಟ್ಲಿಗೆ ನೀರು—” ಅಂದ.

ಅಕ್ಕ ಮೊರದಿಂದ ತಲೆ ಎತ್ತಲಿಲ್ಲ. “ಒಂದೊಂದಾಗಿ ಏಳ್ಲಾ. ನಂಗೆ ಮೂರು ಒಟ್ಗೆ ಇಡಿಯಾಕಿಲ್ಲ.”

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತನ್ನ ತೊಡಕು ಏನೆಂದು ಅಕ್ಕ ಅಷ್ಟು ಚೆನ್ನಾಗಿ ಹೇಳಿದ್ದಳು. ನನ್ನ ವರದಿಯಲ್ಲಿ ಅದೇ ಮಾತು ಒಂದು ಪುಟ ತಿಂದಿತ್ತು.

ಈಚೆಗೆ ಅವಳ ಮರುಪರೀಕ್ಷೆಯ ದಿನ ಬಂತು. ತಮ್ಮನೂ ಜೊತೆಗಿದ್ದ. ಅವನ ಪರೀಕ್ಷೆಯೂ ಇತ್ತು. ಅಂಕಿ ಅಕ್ಷರ ಸೇರಿಸುವುದರಲ್ಲಿ ಈ ಸಲವೂ ಎಡವಿದ. ಈ ಸಲ ನಗಲಿಲ್ಲ, “ನಿದ್ದೆ ಕಮ್ಮಿಯಾದ್ರೆ ಇದು ಜಾಸ್ತಿ ಆಯ್ತದೆ ಮೇಡಂ, ಲೋಡ್ ಎಣಿಸ್ವಾಗ ಎಲ್ಡು ಸಲ ನೋಡ್ತೀನಿ,” ಅಂದ. ಅದನ್ನು ವೈದ್ಯರಿಗೂ ಹೇಳುವಂತೆ ಕಳಿಸಿದೆ.

ಅಕ್ಕನನ್ನು ಕೂರಿಸಿಕೊಂಡೆ. ಪದಗಳ ಪಟ್ಟಿ ಆಯಿತು, ಚೆನ್ನಾಗಿಯೇ ಆಯಿತು. ಚಿಹ್ನೆ ಬರೆಯುವುದು ಆಯಿತು, ವೇಗ ಹಿಂದಿನಷ್ಟೇ. ಗೂಟ, ಬಿಲ್ಲೆಗಳ ಪೆಟ್ಟಿಗೆಯನ್ನು ನಾನು ಮೇಜಿನ ಮೇಲೆ ತೆಗೆಯುತ್ತಿದ್ದ ಹಾಗೆ ಅವಳು ಎದ್ದು ನಿಂತಳು.

“ಇದು ಇವತ್ತು ಬ್ಯಾಡ ಮೇಡಂ.”

“ಯಾಕವ್ವ?”

“ಕೊಳತ್ತೂರಲ್ಲಿ ಜೀಪು ಒಂಟೋಗ್ತದೆ. ಒಂಟೋದ್ರೆ ನಾಳೆ ಬೆಳಿಗ್ಗೇನೇ ಮ್ಯಾಕೆ ಓಗಾಕಾಗಾದು. ನಾಳೆ ಸಂತೆಗೆ ಸೊಪ್ಪು ಕಟ್ಬೇಕು, ಇವತ್ತೇ ಕುಯ್ದು ನೆನೆ ಆಕ್ಬೇಕು.”

ವೈದ್ಯರನ್ನು ಕಂಡು ಬಂದು ಆಚೆ ಕೂತವನ ಕಡೆ ಬಾಗಿಲಿಂದಲೇ ತಿರುಗಿ, “ಲೇ, ಎದ್ದೇಳ್ಲಾ!” ಅಂತ ತಮ್ಮನನ್ನು ಎಬ್ಬಿಸಿ ಹೊರಟೇಬಿಟ್ಟಳು.

ಸ್ವಲ್ಪ ಹೊತ್ತಿಗೆ ವೈದ್ಯರು ಇಣುಕಿದರು. ಮೇಜಿನ ಮೇಲೆ ಬಿಲ್ಲೆಗಳು ಮುಟ್ಟದೆ ಹಾಗೇ ಇದ್ದವು.

“ಯೋಜನೆಯ ಪರೀಕ್ಷೆ ಮುಗಿಯಿತೇ?”

“ಇಲ್ಲ ಸರ್. ಹೊತ್ತಾಯ್ತು, ನಾಳೆ ಸಂತೆಗೆ ಸೊಪ್ಪು ಕಟ್ಟಬೇಕು ಅಂತ ಹೊರಟುಹೋದಳು.”

“ಹಾಗಾದರೆ ಯೋಜನೆಯ ಪರೀಕ್ಷೆ ಮುಗಿಯಿತಲ್ಲ!” ಅಂದರು. ಆಮೇಲೆ ಇಬ್ಬರೂ ಜೋರಾಗಿ ನಕ್ಕುಬಿಟ್ಟೆವು.